ಶೇಂಗಾ ಚೀಲಗಳ ನಡುವೆ ಒಂದು ಆಫೀಸು

ಹೊರಗಿನಿಂದ ಚಿಲಕ ಬಿದ್ದದ್ದು ನನಗೆ ಕೇಳಿಸಲೇ ಇಲ್ಲ. ಕಿವಿಗೆ ಹೆಡ್‌ಫೋನ್ ಇತ್ತು. ಅದರೊಳಗೆ ಏಳು ಜನ ಒಬ್ಬರ ಮಾತಿನ ಮೇಲೊಬ್ಬರು ಏರಿಕೊಂಡು ಮಾತಾಡುತ್ತಿದ್ದರು. ಮೀಟಿಂಗ್ ಮುಗಿಸಿ, ನೀರು ಕುಡಿದು ಬರೋಣವೆಂದು ಎದ್ದು ಬಾಗಿಲು ಎಳೆದರೆ ಅಲುಗಾಡಲಿಲ್ಲ. ಕೂಗಿದೆ, ಬಡಿದೆ. ಆ ಕೋಣೆಯ ಗೋಡೆ ಎರಡಡಿ ದಪ್ಪ, ಸುತ್ತಲೂ ಚೀಲ. ನನ್ನ ದನಿ ಹೊರಗೆ ಹೋಗದಿರಲಿ, ಹೊರಗಿನ ದನಿ ಒಳಗೆ ಬಾರದಿರಲಿ ಎಂದೇ ಆ ಜಾಗ ಆರಿಸಿಕೊಂಡಿದ್ದೆ. ಕಾಲು ಗಂಟೆ ಕಳೆದ ಮೇಲೆ ಅವ್ವ ಬಂದು ತೆಗೆದಳು. “ಹುಡುಗ್ರು ಆಡಿನ ಮರಿ ಬೆನ್ನತ್ತಿ ಒಳಗ ನುಗ್ಗಾಕತ್ತಿದ್ರು ತಮ್ಮಾ, ನಿನ್ ಆಪೀಸು ಕೆಡ್ತೈತಿ ಅಂತ ಹಾಕಿದ್ದೆ” ಎಂದಳು. ಅವಳ ಮುಖದಲ್ಲಿ ಒಂದು ಜವಾಬ್ದಾರಿ ಸರಿಯಾಗಿ ನಿಭಾಯಿಸಿದ ಸಮಾಧಾನವಿತ್ತು.

ಅದು 2020ರ ಅಕ್ಟೋಬರ್ ಕೊನೆಯ ವಾರ. ಕೂಡ್ಲಿಗಿ ತಾಲ್ಲೂಕಿನ ನಮ್ಮೂರು ಆಗಿನ್ನೂ ಬಳ್ಳಾರಿ ಜಿಲ್ಲೆಯಲ್ಲಿತ್ತು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಜೊತೆ ನಾವು ವಿಜಯನಗರ ಜಿಲ್ಲೆಯವರಾದದ್ದು ಮರುವರ್ಷ. ಹೊಸ ಶೇಂಗಾ ಒಣಗಿ ಚೀಲ ಸೇರಿತ್ತು. ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ, ಮೇ ತಿಂಗಳ ಮೂರನೇ ವಾರ ಸರ್ಕಾರಿ ಬಸ್ಸು ಮತ್ತೆ ಓಡತೊಡಗಿದಾಗ ಹೊರಟು ಬಂದವನು ನಾನು. ಒಂದು ತಿಂಗಳ ಮಟ್ಟಿಗೆ ಎಂದು ತಂದಿದ್ದ ಲ್ಯಾಪ್‌ಟಾಪ್ ಚೀಲ ಹದಿನಾಲ್ಕು ತಿಂಗಳು ಅಲ್ಲೇ ಗೂಟಕ್ಕೆ ನೇತಾಡಿತು.

ಕಾಳಿನ ಕೋಣೆಗೆ ನಾನೇನು ನೇರವಾಗಿ ಹೋಗಿ ಕೂತವನಲ್ಲ. ಮೊದಲು ಪಡಸಾಲೆಯಲ್ಲಿ ಕೂತೆ. ಬಂದವರೆಲ್ಲ ನನ್ನೆದುರೇ ಕೂತು ಪರದೆಯಲ್ಲಿದ್ದವರಿಗೂ ನಮಸ್ಕಾರ ಹೇಳಿದರು. ಆಮೇಲೆ ಮಾಳಿಗೆ ಹತ್ತಿದೆ. ನೆಟ್‌ವರ್ಕ್ ಸೊಗಸಾಗಿತ್ತು, ಆದರೆ ನಮ್ಮ ಕಡೆಯ ಮೇ ಬಿಸಿಲಿಗೆ ಲ್ಯಾಪ್‌ಟಾಪ್ ಹತ್ತು ನಿಮಿಷದಲ್ಲಿ ರೊಟ್ಟಿ ಹಂಚಾಯಿತು. ಬೇವಿನ ಮರದಡಿ ಕೂತರೆ ಪರದೆಯ ಮೇಲೆ ನನ್ನ ಮುಖವೇ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಕೊನೆಗೆ ಉಳಿದದ್ದು ಜೋಳ, ಶೇಂಗಾ, ಹಳೆ ನೊಗ, ಕುಂಟೆ ತಾಳು ಇಡುವ ಆ ಕತ್ತಲೆ ಕೋಣೆ. ಕಿಟಕಿ ಇಲ್ಲ. ಮಾಳಿಗೆಯಲ್ಲಿ ಒಂದು ಗವಾಕ್ಷಿ, ಅಷ್ಟೆ. ಫೋನನ್ನು ಒಂದು ಸ್ಟೀಲ್ ತಂಬಿಗೆಯಲ್ಲಿ ಹಾಕಿ, ಹಗ್ಗ ಕಟ್ಟಿ, ಆ ಗವಾಕ್ಷಿಯ ಬಾಯಿಗೆ ನೇತುಬಿಟ್ಟೆ. ಲೋಹದ ತಂಬಿಗೆ ಸಿಗ್ನಲ್ ತಡೆಯುತ್ತದೆ ಎಂದು ಅಣ್ಣನ ಮಗಳು ಹೇಳಿದ ಮೇಲೆ ಅದನ್ನು ಬಿದಿರಿನ ಬುಟ್ಟಿಗೆ ಬದಲಾಯಿಸಿದೆ. ಬುಟ್ಟಿಯಿಂದ ಇಳಿದ ಹಾಟ್‌ಸ್ಪಾಟು ಕೆಳಗೆ ಲ್ಯಾಪ್‌ಟಾಪಿಗೆ. ಮಳೆ ಹನಿದರೆ ಅಪ್ಪ ಮೇಲೆ ಹೋಗಿ ಗವಾಕ್ಷಿಗೆ ತಗಡು ಮುಚ್ಚುತ್ತಿದ್ದ. ನನ್ನ ಆಫೀಸು ಅಲ್ಲಿಗೆ ರಜಾ.

ಆದರೆ ಸದ್ದಿನ ವಿಷಯದಲ್ಲಿ ಆ ಕೋಣೆಗೆ ಸಾಟಿಯಿರಲಿಲ್ಲ. ಸಿಮೆಂಟಿನ ಹಾಲ್‌ನಲ್ಲಿ ಮಾತಾಡಿದರೆ ದನಿ ನಾಲ್ಕು ಗೋಡೆಗೆ ಬಡಿದು ವಾಪಸು ಬರುತ್ತದೆ, ಬಾವಿಯೊಳಗಿಂದ ಮಾತಾಡಿದಂತಾಗುತ್ತದೆ. ಕಾಳಿನ ಚೀಲ ಹಾಗಲ್ಲ. ಸೆಣಬಿನ ಮೈ, ಒಳಗೆ ಸಾವಿರ ಸಂದು. ದನಿ ಹೊಕ್ಕರೆ ಹೊರಗೆ ಬರುವುದಿಲ್ಲ. ಸಹೋದ್ಯೋಗಿಯೊಬ್ಬ ಕೇಳಿದ್ದ, ಎಲ್ಲಾದರೂ ಸ್ಟುಡಿಯೋ ಬಾಡಿಗೆ ಹಿಡಿದಿದ್ದೀಯಾ ಎಂದು. ಕ್ಯಾಮೆರಾ ತಿರುಗಿಸಿ ತೋರಿಸಿದೆ. ಅವನು ಆಮೇಲೆ ತನ್ನ ಫ್ಲ್ಯಾಟಿನ ಗೋಡೆಗೆ ಎರಡು ದಪ್ಪ ಕಂಬಳಿ ನೇತುಹಾಕಿಕೊಂಡನಂತೆ. ಅವ್ವ ಹಳೆ ಸೀರೆಯಲ್ಲಿ ಹೊಲಿದ ಕೌದಿಯೂ ಅದೇ ಕೆಲಸ ಮಾಡುತ್ತದೆ. ದುಡ್ಡು ಕೊಟ್ಟು ಸ್ಪಂಜಿನ ಹಲಗೆ ತರುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಹೀಗೆ ನಾನು ನನ್ನ ಜಾಣತನಕ್ಕೆ ಮೆಚ್ಚಿಕೊಂಡಿದ್ದಾಗಲೇ ಅತ್ತಿಗೆ ಒಂದು ಮಾತು ಹೇಳಿದಳು. ಬೈಯುವ ದನಿಯಲ್ಲಲ್ಲ, ಶೇಂಗಾ ಸುಲಿಯುತ್ತಾ, ಹಾಗೇ. ಅತ್ತೆಯವರು ನಾಲ್ಕು ತಿಂಗಳಿಂದ ಸಂಜೆ ಕಟ್ಟೆಗೆ ಕೂತಿಲ್ಲ, ನೀವು ನೋಡೀರೇನು ಎಂದಳು.

ನೋಡಿರಲಿಲ್ಲ. ನನ್ನ ಅಮೆರಿಕದ ಕರೆಗಳು ಸಂಜೆ ಆರೂವರೆಗೆ ಶುರುವಾಗುತ್ತಿದ್ದವು. ನಾನು ಕಂಡ ಕಾಲದಿಂದ ಅವ್ವನ ಕಟ್ಟೆಯ ಹೊತ್ತೂ ಅದೇ. ದೀಪ ಹಚ್ಚಿ, ಎಲೆಅಡಿಕೆ ಚೀಲ ಹಿಡಿದು ಹೊರಗೆ ಬಂದರೆ ಓಣಿಯ ನಾಲ್ಕೈದು ಜನ ಬರುವರು. ಯಾರ ಮನೆಯ ಎಮ್ಮೆ ಈದಿತು, ಯಾರ ಮಗಳ ಸಂಬಂಧ ಕೂಡಿತು, ಎಲ್ಲ ಅಲ್ಲೇ ತೀರ್ಮಾನ. ಕಾಳಿನ ಕೋಣೆಯ ಹೊರಗೋಡೆ ಆ ಕಟ್ಟೆಗೆ ತಾಗಿದೆ. “ಒಳಗ ಮಗ ಆಪೀಸು ನಡಸಾಕತ್ತಾನೆ” ಎಂದು ಅವಳು ಎಲ್ಲರನ್ನೂ ಪಕ್ಕದ ಮನೆಯ ಜಗಲಿಗೆ ಕಳಿಸಿದ್ದಳು. ತಾನು ಹೋಗಿರಲಿಲ್ಲ, ನನಗೆ ಎಂಟು ಗಂಟೆಗೆ ಬಿಸಿ ರೊಟ್ಟಿ ಬೇಕಲ್ಲ. ಮಿಕ್ಸಿ ಬೆಳಿಗ್ಗೆ ಆರಕ್ಕೆ ಮುಂಚೆ ತಿರುಗಿ ಮುಗಿಯುತ್ತಿತ್ತು. ಅಪ್ಪ ರೇಡಿಯೋವನ್ನು ಹೊಲಕ್ಕೆ ಒಯ್ದಿದ್ದ. ಮೀಟಿಂಗಿನಲ್ಲಿ ನನಗೆ ನನ್ನ ದನಿ ಮುಚ್ಚಿಕೊಳ್ಳುವ ಗುಂಡಿಯೊಂದಿತ್ತು. ಉಳಿದವರ ಗುಂಡಿಯನ್ನು ಯಾರೂ ಒತ್ತಿರಲಿಲ್ಲ, ಅವರೇ ಒತ್ತಿಕೊಂಡಿದ್ದರು.

ಆವತ್ತಿನಿಂದ ಮನೆಯಲ್ಲಿ ಕೆಲಸದ ಜಾಗ, ಓದಿನ ಜಾಗ ಎಂದು ಯಾರಾದರೂ ಮಾತೆತ್ತಿದರೆ ನನಗೆ ಮೇಜು ಕುರ್ಚಿ ನೆನಪಾಗುವುದಿಲ್ಲ. ಮೇಜು ಯಾವ ಎತ್ತರ, ಬೆಳಕು ಯಾವ ಕಡೆ ಎಂಬುದೆಲ್ಲ ಎರಡನೇ ಮಾತು. ಆ ಜಾಗದ ಸಲುವಾಗಿ ಯಾರು ದನಿ ತಗ್ಗಿಸಿದರು, ಯಾರು ಎದ್ದು ಹೋದರು, ಅದನ್ನು ಕೇಳಬೇಕೆನ್ನಿಸುತ್ತದೆ. ನನ್ನ ಕೋಣೆಯನ್ನು ಕಟ್ಟಿದ್ದು ಎರಡಡಿಯ ಗೋಡೆ ಎಂದುಕೊಂಡಿದ್ದೆ. ಅರ್ಧ ಗೋಡೆ ಅವ್ವನದು.

ನಮ್ಮ ಕಡೆಯ ಹಳೆಯ ಮನೆಗಳನ್ನು ಅಳೆಯುವ ಲೆಕ್ಕವೇ ಬೇರೆ. ಅಡಿ, ಚದರವಿಲ್ಲ, ಅಂಕಣ. ಎರಡು ಕಂಬಸಾಲುಗಳ ನಡುವಿನ ಹರವು ಒಂದಂಕಣ. ಐದಂಕಣದ ಮನೆ, ಏಳಂಕಣದ ಮನೆ ಎಂದರೆ ಮನೆತನದ ತೂಕವೂ ತಿಳಿಯುತ್ತಿತ್ತು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೊಪ್ಪು, ಅದರ ಮೇಲೆ ದಪ್ಪನೆ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಚೌಳು ಮಣ್ಣು ತಂದು ಹರಡಿ ತುಳಿಯಬೇಕು, ಇಲ್ಲವಾದರೆ ಸೋರುತ್ತದೆ. ಈ ಅಂಕಣಗಳಿಗೆ ಹೆಸರು ಕೊಡುತ್ತಿದ್ದದ್ದು ಹೊತ್ತು. ಬೆಳಿಗ್ಗೆ ಪಡಸಾಲೆ ಬೀಜ ಆರಿಸುವ ಕಣ, ಮಧ್ಯಾಹ್ನ ಊಟದ ಮನೆ, ಸಂಜೆ ಪಂಚಾಯಿತಿ, ರಾತ್ರಿ ಹತ್ತು ಜನರ ಹಾಸಿಗೆ. ಹಾಸಿದ ಚಾಪೆ ಸುತ್ತಿದರೆ ಕೋಣೆ ಮಾಯ. ಬೆಡ್‌ರೂಮ್, ಡೈನಿಂಗ್, ಸ್ಟಡಿ ಎಂದು ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ ಮಾಡುವುದು ನಮಗೆ ಸಿಮೆಂಟಿನ ಜೊತೆ ಬಂದದ್ದು.

ಹಳೆಯದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆ ಪಡಸಾಲೆಯಲ್ಲಿ ಹುಡುಗ ಓದಬಹುದಿತ್ತು, ಸೊಸೆ ಕಾಲು ಚಾಚುವಂತಿರಲಿಲ್ಲ. ಹೊತ್ತು ಹಂಚುವಾಗಲೂ ಯಾರೋ ಒಬ್ಬರ ಕೈಯಲ್ಲೇ ಸೇರು ಇರುತ್ತಿತ್ತು.

ಓದು ಎಂದರೆ ನಿಶ್ಶಬ್ದ ಎಂಬ ನಂಬಿಕೆಯೂ ನಮ್ಮಲ್ಲಿ ಹಳೆಯದೇನಲ್ಲ. ನಮ್ಮ ಬಳ್ಳಾರಿ ಜಿಲ್ಲೆಯ ಕಲೆಕ್ಟರಾಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿ ಕಳಿಸಿದ. ಗವರ್ನರ್ ಥಾಮಸ್ ಮನ್ರೋ ಊರೂರಿನ ಶಾಲೆಗಳ ಲೆಕ್ಕ ಕೇಳಿದ್ದ. ಕ್ಯಾಂಪ್‌ಬೆಲ್ ಎಣಿಸಿದ: ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆ 533, ಕಲಿಯುವವರು 6,641. ಅದರಲ್ಲಿ ಕನ್ನಡದ ಶಾಲೆ 235, ತೆಲುಗಿನವು 226, ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳು, ಇಂಗ್ಲಿಷಿನದು ಒಂದೇ ಒಂದು. ಧರಂಪಾಲರು 1983ರ ತಮ್ಮ ‘ದಿ ಬ್ಯೂಟಿಫುಲ್ ಟ್ರೀ’ ಪುಸ್ತಕದಲ್ಲಿ ಈ ವರದಿಯನ್ನು ಪೂರ್ತಿ ಅಚ್ಚು ಮಾಡಿದ ಮೇಲೆ ಅದು ತುಂಬ ಜನರ ಕಣ್ಣಿಗೆ ಬಿತ್ತು. ನಮ್ಮ ಹಳೆ ಶಿಕ್ಷಣ ಎಷ್ಟು ಚೆನ್ನಾಗಿತ್ತು ಎನ್ನುವವರೂ ಎಷ್ಟು ಕೆಟ್ಟಿತ್ತು ಎನ್ನುವವರೂ ಅದನ್ನೇ ಹಿಡಿದು ಜಗಳಾಡುತ್ತಾರೆ. ನಾನು ಕಾಳಿನ ಕೋಣೆಯಲ್ಲಿ, ಕರೆಂಟು ಹೋದ ಹೊತ್ತಿನಲ್ಲಿ, ಅದನ್ನು ಬೇರೆ ಕಾರಣಕ್ಕೆ ಓದಿದೆ. ಮಕ್ಕಳು ಹೇಗೆ ಕೂರುತ್ತಿದ್ದರು, ಯಾವುದರ ಮೇಲೆ ಬರೆಯುತ್ತಿದ್ದರು ಎಂದು ನೋಡಬೇಕಿತ್ತು.

ಬೆಳಿಗ್ಗೆ ಆರಕ್ಕೆ ಶಾಲೆ ಶುರು. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ; ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೇ ಏರಿಕೆ. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ. ಆಮೇಲೆ ಇದ್ದಿಲು ಬಳಿದ ಹಲಿಗೆ, ಇಲ್ಲವೇ ಕಡತ: ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಅಂಟು ಬಳಿದದ್ದು. ಬಳಪದಲ್ಲಿ ಬರೆಯುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದು. ಇದೆಲ್ಲ ಬಾಯಿಬಿಟ್ಟು, ರಾಗವಾಗಿ, ಊರಿಗೆ ಕೇಳುವಂತೆ. ಗುಡಿಯ ಜಗಲಿಯೋ ಅಯ್ಯನವರ ಮನೆಯ ಪಡಸಾಲೆಯೋ, ಎಲ್ಲೇ ಆದರೂ ಓದೇ ಅಲ್ಲಿನ ಗದ್ದಲ. ಅದರ ಸಲುವಾಗಿ ಯಾರೂ ಸುಮ್ಮನಿರಬೇಕಾಗಿರಲಿಲ್ಲ.

ನಾನದನ್ನು ಓದುವ ಹೊತ್ತಿಗೆ ನಮ್ಮ ಮನೆಯೆದುರಿನ ಗುಡಿ ಕಟ್ಟೆಯಲ್ಲೂ ಶಾಲೆ ಆಗಿ ಹೋಗಿತ್ತು. ಸರ್ಕಾರ 2020ರ ಆಗಸ್ಟ್‌ನಲ್ಲಿ ಆರಂಭಿಸಿದ ‘ವಿದ್ಯಾಗಮ’; ಮೇಷ್ಟ್ರುಗಳೇ ಓಣಿಗೆ ಬಂದು, ಮರದಡಿ, ಗುಡಿ ಜಗಲಿಯಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಮಾಡುವುದು. ಸೋಂಕಿನ ಸುದ್ದಿ ಬಂದ ಮೇಲೆ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ನಡೆದಷ್ಟು ದಿನ ಮಗ್ಗಿ ಹೇಳುವ ದನಿ ನನ್ನ ಮೀಟಿಂಗಿನೊಳಕ್ಕೂ ಗವಾಕ್ಷಿಯಿಂದ ಇಳಿದು ಬರುತ್ತಿತ್ತು. ನನ್ನ ಮೇಲಿನವರು ಒಮ್ಮೆ, ಹಿಂದೆ ಯಾರೋ ಹಾಡುತ್ತಿದ್ದಾರೆಯೇ ಎಂದು ಕೇಳಿದರು. ಏಳೆಂಟಲ ಐವತ್ತಾರು ಎಂದೆ. ಅವರಿಗೆ ತಿಳಿಯಲಿಲ್ಲ.

ಮನೆಯೇ ಕಚೇರಿಯಾಗುವುದೂ ನಮಗೆ ಹೊಸದಲ್ಲ. ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದ ಕಾಲದಲ್ಲಿ ಊರಿನ ಪಹಣಿ, ಕಂದಾಯದ ಲೆಕ್ಕ ಎಲ್ಲ ಶಾನುಭೋಗರ ಪಡಸಾಲೆಯ ಸಂದೂಕದಲ್ಲೇ ಇರುತ್ತಿತ್ತು. 1961ರ ಕಾನೂನಿನಿಂದ ಆ ಹುದ್ದೆಗಳು ರದ್ದಾಗುವವರೆಗೂ. ಮಕ್ಕಳು ಬರೆದು ಒರೆಸುತ್ತಿದ್ದ ‘ಕಡತ’ ಎಂಬ ಮಾತೇ ಇವತ್ತು ವಿಧಾನಸೌಧದ ಫೈಲಿಗೆ ಹೆಸರಾಗಿದೆ, ಒರೆಸುವ ಗುಣ ಮಾತ್ರ ಅದಕ್ಕಿಲ್ಲ. ಕೊಟ್ಟೂರಿನ ದಲಾಲಿ ಅಂಗಡಿಗಳಲ್ಲಿ ಗಾದಿಯ ಮೇಲೆ ಚಕ್ಕಂಬಕ್ಕಳ ಹಾಕಿ, ತೊಡೆಯ ಮುಂದೆ ಇಳಿಜಾರು ಡೆಸ್ಕು ಇಟ್ಟುಕೊಂಡು ಲೆಕ್ಕ ಬರೆಯುವ ಗುಮಾಸ್ತರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅಂಥದೊಂದು ಡೆಸ್ಕು ನಮ್ಮ ಅಟ್ಟದ ಮೇಲೂ ಇತ್ತು. ಮೊದಲ ಎರಡು ತಿಂಗಳು ಶೇಂಗಾ ಚೀಲದ ಮೇಲೆ ಕೂತು, ಕಬ್ಬಿಣದ ಟ್ರಂಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕತ್ತು ಹಿಡಿದುಕೊಂಡಿದ್ದೆ. ಡೆಸ್ಕು ಇಳಿಸಿ ಅದರ ಇಳಿಜಾರಿನ ಮೇಲಿಟ್ಟೆ. ಪರದೆ ಕಣ್ಣಿನ ಸಮಕ್ಕೆ ಬಂತು, ಮುಂಗೈಗೆ ಆಸರೆ ಸಿಕ್ಕಿತು. ಈಗ ಪೇಟೆಯಲ್ಲಿ ಲ್ಯಾಪ್‌ಟಾಪ್ ಸ್ಟ್ಯಾಂಡ್ ಎಂದು ಮಾರುವುದು ಇದನ್ನೇ, ಕಾಗದ ಇಡುವ ಖಾನೆಯೊಂದನ್ನು ಕಿತ್ತುಹಾಕಿ.

ಆದರೆ ಶಾನುಭೋಗರ ಮನೆಗೂ ನನ್ನ ಕಾಳಿನ ಕೋಣೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅವರ ಕೆಲಸ ಮನೆಮಂದಿಗೆ ಕಾಣುತ್ತಿತ್ತು, ಬಂದವರಿಗೆ ಮಜ್ಜಿಗೆ ಕೊಡುವವಳಿಗೆ ಯಾರ ಹೊಲದ ತಕರಾರು ಎಂಬುದೂ ಗೊತ್ತಿರುತ್ತಿತ್ತು. ಹಡಗಲಿಯ ಕಡೆ ಮಲ್ಲಿಗೆ ಕಟ್ಟುವ ಹೆಂಗಸರನ್ನು ನೋಡಿ. ಭೌಗೋಳಿಕ ಗುರುತು ಪಡೆದ ಹೂವು ಅದು. ನಸುಕಿನಲ್ಲಿ ಮೊಗ್ಗು ಬಿಡಿಸಿ ತಂದು ಕಟ್ಟೆಯ ಮೇಲೆ ಸುರಿದರೆ, ಮಾತಾಡುತ್ತ, ಮಗುವಿಗೆ ಮೊಲೆ ಕೊಡುತ್ತ, ಮಾರುಗಟ್ಟಲೆ ಮಾಲೆ ಇಳಿಯುತ್ತದೆ. ಆ ಕೆಲಸ ಮನೆಯನ್ನು ಸುಮ್ಮನಾಗಿಸುವುದಿಲ್ಲ. ನನ್ನ ಕೆಲಸಕ್ಕೆ ಮನೆ ಬೇಕು, ಮನೆಯವರು ಬೇಡ. ಹಿಂದೆ ಕೌದಿ ನೇತುಹಾಕಿ ಗೋಡೆ ಮರೆಮಾಡಿ, ನಾನು ಎಲ್ಲಿಯೂ ಇಲ್ಲದವನ ಹಾಗೆ ಕಾಣಿಸಿಕೊಳ್ಳಬೇಕು. ಅವ್ವನಿಗೆ ಆ ಹದಿನಾಲ್ಕು ತಿಂಗಳೂ ನಾನೇನು ಮಾಡುತ್ತೇನೆಂದು ತಿಳಿಯಲಿಲ್ಲ. “ಯಾರ ಕೂಡ ಜಗಳಾಡ್ತಿ ಅಷ್ಟೊತ್ತು?” ಎಂದು ಕೇಳುತ್ತಿದ್ದಳು.

ಇನ್ನು ಅಣ್ಣನ ಮಗಳ ವಿಚಾರ. ಅವಳು ಆಗ ಒಂಬತ್ತನೇ ಕ್ಲಾಸು. ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಕೋ ಬೇಡವೋ ಎಂದು ಸರ್ಕಾರ, ಹೈಕೋರ್ಟ್ ಎಲ್ಲ ಚರ್ಚೆ ನಡೆಸಿದ ವರ್ಷ ಅದು. ಐದನೇ ತರಗತಿವರೆಗೆ ನಿಷೇಧ ಎಂದು ಜೂನ್‌ನಲ್ಲಿ ಹೇಳಿದರು, ಜುಲೈನಲ್ಲಿ ನ್ಯಾಯಾಲಯ ತಡೆ ಕೊಟ್ಟಿತು. ಹೈಸ್ಕೂಲಿನವರಿಗೆ ಜುಲೈ 20ರಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ. ಟಿ.ವಿ. ಇದ್ದದ್ದು ಪಡಸಾಲೆಯಲ್ಲಿ. ಗಣಿತದ ಪಾಠ ಬರುವ ಹೊತ್ತಿಗೇ ಬೀಜ ಆರಿಸಲು ಆಳುಗಳು ಬರುವರು, ನೆಂಟರು ಬರುವರು. ಮನೆಯ ಸ್ಮಾರ್ಟ್‌ಫೋನು ಅಣ್ಣನ ಜೇಬಿನಲ್ಲಿ ಬೆಳಿಗ್ಗೆ ಹೊಲಕ್ಕೆ ಹೋದರೆ ಕತ್ತಲಾದ ಮೇಲೆ ಬರುವುದು. ಮೇಷ್ಟ್ರು ಬೆಳಿಗ್ಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಪ್ರಶ್ನೆ ಅವಳಿಗೆ ತಲುಪುತ್ತಿದ್ದದ್ದು ರಾತ್ರಿ. ಅವಳು ಓದುತ್ತಿದ್ದದ್ದು ಮಾಳಿಗೆಗೆ ಹತ್ತುವ ಮೆಟ್ಟಿಲ ಮೇಲೆ. ಮೂರನೇ ಮೆಟ್ಟಿಲು ಕುರ್ಚಿ, ಐದನೆಯದು ಮೇಜು. ಯಾರಾದರೂ ಹಪ್ಪಳ ಒಣಹಾಕಲು ಮೇಲೆ ಹೋಗುವಾಗ ಎದ್ದು ದಾರಿ ಬಿಡಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿಗೆ ಬಿಸಿಲು ಬಂದರೆ ಪುಸ್ತಕ ಸಮೇತ ದನದ ಅಂಕಣಕ್ಕೆ ಜರುಗುತ್ತಿದ್ದಳು, ಗೋದಲಿಯ ಪಕ್ಕ.

ಅದನ್ನು ನಾನು ದಿನವೂ ನೋಡುತ್ತಿದ್ದೆ. ಮುದ್ದಾಗಿ ಕಾಣುತ್ತಿತ್ತು. ಒಂದೆರಡು ಫೋಟೋ ಕೂಡ ತೆಗೆದು ಗೆಳೆಯರಿಗೆ ಕಳಿಸಿದ್ದೆ. ಸಂಬಳ ತರುವವನಿಗೆ ಕಾಳಿನ ಕೋಣೆ, ಸಾಲಿ ಕಲಿಯುವವಳಿಗೆ ಮೆಟ್ಟಿಲು ಎಂಬುದನ್ನು ಯಾರೂ ಕೂತು ತೀರ್ಮಾನಿಸಿರಲಿಲ್ಲ. ನೀರು ತಗ್ಗಿಗೆ ಹರಿದ ಹಾಗೆ ಅದು ತನ್ನಷ್ಟಕ್ಕೆ ಆಗಿತ್ತು. ಕ್ಯಾಂಪ್‌ಬೆಲ್‌ನ ಆ ಪಟ್ಟಿಗೆ ನಾನು ಮತ್ತೆ ಹೋದದ್ದು ಆಗ. 6,641ರಲ್ಲಿ ಹುಡುಗಿಯರು 60. ಮೊದಲ ಸಲ ಆ ಅಂಕಿ ಕಣ್ಣ ಮುಂದೆ ಹಾದು ಹೋಗಿತ್ತು, ಬೆರಳು ನಿಂತಿರಲಿಲ್ಲ. ಜಗಲಿಯ ಶಾಲೆ ಊರಿಗೆಲ್ಲ ಕೇಳುತ್ತಿತ್ತು ಎಂದು ನಾನು ಹಿಗ್ಗಿದ್ದೆನಲ್ಲ, ಆ ಊರಿನ ಅಡುಗೆಮನೆಗಳಲ್ಲಿ ನಿಂತು ಮಗ್ಗಿ ಕೇಳಿಸಿಕೊಂಡು, ಬಾಯಿಪಾಠವಾದರೂ ಹೇಳಲಾರದೆ ಉಳಿದ ಹುಡುಗಿಯರು ಎಷ್ಟು ಸಾವಿರವೋ. ಬಾಗಿಲಿಲ್ಲದ ಶಾಲೆಗೂ ಒಂದು ಬಾಗಿಲಿತ್ತು.

ಮರುವರ್ಷ, 2021ರ ಜೂನ್‌ನಲ್ಲಿ, ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಬಳ್ಳಕದಿಂದ ಒಂದು ಚಿತ್ರ ಬಂತು. ಮಳೆಯಲ್ಲಿ ರಸ್ತೆ ಬದಿ ಕೂತು ಹುಡುಗಿಯೊಬ್ಬಳು ಫೋನಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಅವಳ ಮೇಲೆ ಛತ್ರಿ ಹಿಡಿದು ನಿಂತಿದ್ದಾನೆ. ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಅಲ್ಲಿಗೆ ಬಂದವರು. ಪತ್ರಿಕೆಗಳೆಲ್ಲ ನೆಟ್‌ವರ್ಕಿನ ಸಂಕಟ ಎಂದು ಬರೆದವು, ನಿಜವೇ. ನಾನು ಛತ್ರಿಯನ್ನೇ ನೋಡುತ್ತಿದ್ದೆ. ಒಂದು ಗಂಟೆಯ ಪಾಠವೆಂದರೆ ಒಂದು ಗಂಟೆ ಕೈ ಎತ್ತಿ ನಿಲ್ಲಬೇಕು. ಗೋಡೆ ಕಟ್ಟಲು ಇಟ್ಟಿಗೆಯೇ ಬೇಕೆಂದಿಲ್ಲ, ಒಬ್ಬ ಗಂಡಸು ತನ್ನ ದಿನದ ಒಂದು ತಾಸನ್ನು ಮಗಳಿಗೆ ಕೊಟ್ಟರೂ ಕೋಣೆಯಾಗುತ್ತದೆ. ಅಣ್ಣನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ ಫೋನು ವಾಪಸು ಕೊಟ್ಟ. ಮರುದಿನ ತಾನು ಹೊಲಕ್ಕೆ ಹೋಗುವಾಗ ತನ್ನ ಫೋನನ್ನು ಮನೆಯಲ್ಲೇ ಬಿಟ್ಟುಹೋದ. ಹಳೆ ಗುಂಡಿಯ ಸೆಟ್ಟು ಹುಡುಕಿ ಸಿಮ್ ಹಾಕಿಕೊಂಡಿದ್ದ.

ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದ ಬಾಗಿಲು ಮಕ್ಕಳಿಗೆ ತೆರೆದದ್ದೂ ಸುಮಾರು ಅದೇ ಕಾಲ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟರು. ಮನೆಯಲ್ಲಿ ಜಾಗವಿಲ್ಲದ ಮಗುವಿಗೆ ಊರು ಕೊಡಬಹುದಾದ ಕೋಣೆ ಅದು. ಒಂದು ಉದ್ದನೆ ಮೇಜು, ತಲೆಯ ಮೇಲೊಂದು ಫ್ಯಾನು, ಯಾರೂ ಬಂದು ಎಬ್ಬಿಸುವುದಿಲ್ಲ ಎಂಬ ಧೈರ್ಯ. ಅಣ್ಣನ ಮಗಳು ಮೂರು ಗೆಳತಿಯರ ಜೊತೆ ಹೋಗತೊಡಗಿದಳು. ದೀಪ ಹಚ್ಚುವ ಹೊತ್ತಿಗೆ ಮಾತ್ರ ನಾಲ್ವರೂ ವಾಪಸು. ಹುಡುಗರು ಆಮೇಲೂ ಇರುತ್ತಿದ್ದರು.

ಈಗ ಅವಳು ಡಿಗ್ರಿ ಓದುತ್ತಿದ್ದಾಳೆ. ಅಣ್ಣ ಕೂಡ್ಲಿಗಿ ಪೇಟೆಯಲ್ಲಿ ಸೈಟು ತಗೊಂಡು ಮನೆ ಕಟ್ಟಿಸುತ್ತಿದ್ದಾನೆ, ಮೂವತ್ತಕ್ಕೆ ನಲವತ್ತು. ಪ್ಲಾನು ಬರೆದವರು ವಾಸ್ತು ನೋಡಿ, ಮೆಟ್ಟಿಲ ಪಕ್ಕಕ್ಕೆ ಎಂಟಡಿಗೆ ಒಂಬತ್ತಡಿಯ ಒಂದು ಗೂಡು ಬಿಟ್ಟು, ಅದರೊಳಗೆ ಸ್ಟಡಿ ಎಂದು ಬರೆದುಕೊಟ್ಟಿದ್ದರು. ಊರಲ್ಲೆಲ್ಲ ಈಗ ಹೀಗೊಂದು ಕೋಣೆ ಇರುತ್ತದೆ. ಗೃಹಪ್ರವೇಶವಾದ ವರ್ಷದೊಳಗೆ ಅದರಲ್ಲಿ ಇಸ್ತ್ರಿ ಮೇಜು, ಅಕ್ಕಿ ಡ್ರಮ್ಮು, ಹಬ್ಬದ ಪಾತ್ರೆ, ಮುರಿದ ಸೈಕಲ್ಲು ಸೇರಿಕೊಳ್ಳುತ್ತವೆ. ಹೊಸ ಮನೆಯ ಕಾಳಿನ ಕೋಣೆ ಅದು, ಗೋಡೆ ಮಾತ್ರ ಆರಿಂಚು.

ನನ್ನನ್ನು ಕೇಳಿದ್ದಕ್ಕೆ ನಾನು ಸಾಕಷ್ಟು ತಲೆ ಹಾಕಿದೆ. ಆರ್‌ಸಿಸಿ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕಕ್ಕುತ್ತದೆ. ಪರೀಕ್ಷೆಯ ಮಾರ್ಚ್ ತಿಂಗಳಲ್ಲಿ ಸಂಜೆ ಏಳಕ್ಕೆ ಹೊರಗಿಗಿಂತ ಒಳಗೇ ಧಗೆ. ಮೇಲೆ ಸುಣ್ಣ ಬಳಿಸು, ಪಡುವಣ ಗೋಡೆಗೆ ಕಿಟಕಿ ಬೇಡ, ಉತ್ತರಕ್ಕೊಂದು ಇರಲಿ, ಅಲ್ಲಿ ಬಿಸಿಲು ಅಷ್ಟಾಗಿ ಬೀಳದೆ ಬೆಳಕು ಬರುತ್ತದೆ ಎಂದೆ. ಬಲಗೈಯಲ್ಲಿ ಬರೆಯುವವಳಿಗೆ ಕಿಟಕಿ ಎಡಕ್ಕಿರಬೇಕು, ಬೆನ್ನ ಹಿಂದಿದ್ದರೆ ಪುಸ್ತಕದ ಮೇಲೆ ತನ್ನ ನೆರಳೇ ಬೀಳುತ್ತದೆ, ಕ್ಯಾಮೆರಾದಲ್ಲಿ ಮುಖ ಕಪ್ಪಾಗುತ್ತದೆ. ಪ್ಲಗ್ಗು ನೆಲದಿಂದ ಎರಡೂವರೆ ಅಡಿಗೆ. ಗೋಡೆಯೊಳಗೆ ಪುಸ್ತಕದ ಗೂಡು, ನಮ್ಮ ಹಳೆಮನೆಯಲ್ಲಿ ದೀಪಕ್ಕೆ ಇದ್ದ ಹಾಗೆ. ಮೇಸ್ತ್ರಿ ಎಲ್ಲಕ್ಕೂ ಹೂಂ ಅಂದ. ಹೂಂ ಅಂದದ್ದರಲ್ಲಿ ಅರ್ಧ ಮಾಡಿದ.

ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ನಾನು ಊರಿಗೆ ಹೋಗಿದ್ದೆ. ಅವ್ವ ಇಟ್ಟಿಗೆ ಪೇರಿಸಿದ್ದರ ಮೇಲೆ ಗೋಣಿ ಹಾಸಿಕೊಂಡು ಕೂತಿದ್ದಳು. ಬಡಿಗೇರ ಒಂದೊಂದು ಬಾಗಿಲಿಗೂ ಬೇಕಾದ ಸಾಮಾನು ಬರೆದುಕೊಳ್ಳುತ್ತಿದ್ದ. ಆ ಸಣ್ಣ ಕೋಣೆಯ ಮುಂದೆ ಬಂದಾಗ ಅಣ್ಣನ ಕಡೆ ತಿರುಗಿ, “ಇದು ಒಳಗಿನ ಖೋಲಿ ಅಲ್ಲ ಅಣ್ಣಾರ, ಹೊರಗ ಒಂದ್ ಚಿಲಕ ಹಾಕಿದ್ರ ಸಾಕು” ಎಂದ.

ಎಲ್ಲರಿಗೂ ಚಹಾ ಕೊಡುತ್ತಿದ್ದ ಹುಡುಗಿ ಲೋಟಗಳ ತಟ್ಟೆ ಹಿಡಿದುಕೊಂಡೇ ಹೇಳಿದಳು, “ಒಳಗೂ ಇರ್ಲಿ.”

ಬಡಿಗೇರ ಅಣ್ಣನನ್ನು ನೋಡಿದ. ಅಣ್ಣ ಮೇಸ್ತ್ರಿಯನ್ನು ನೋಡಿದ. ಕಿಟಕಿ, ಬೆಳಕು, ಪ್ಲಗ್ಗು ಎಂದು ಮೂರು ತಿಂಗಳು ಫೋನಿನಲ್ಲಿ ಉಪದೇಶ ಮಾಡಿದ್ದ ನನಗೆ ಆ ಒಂದು ಸಾಮಾನು ತಲೆಗೇ ಹೊಳೆದಿರಲಿಲ್ಲ. ಗಂಡುಮಕ್ಕಳಾದ ನಮಗೆ ಅದು ಬೇಕೆನಿಸಿದ್ದೇ ಇಲ್ಲ. ನಾವು ಒಳಗಿದ್ದರೆ ಚಿಲಕವನ್ನು ಹೊರಗಿನವರೇ ನಮ್ಮ ಪರವಾಗಿ ಹಾಕುತ್ತಾರೆ.

“ಹೊರಗಿಂದು ಯಾಕ ಬೇಕು?” ಅವ್ವ ಇಟ್ಟಿಗೆಯ ಮೇಲಿಂದ ಕೇಳಿದಳು. “ಓದಾಕಿ ಒಳಗ ಇರ್ತಾಳ. ಒಳಗ ಹಾಕು.”

ಬಡಿಗೇರ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಚೌಕಟ್ಟಿನ ಒಳಮೈಯಲ್ಲಿ ತನ್ನ ಎದೆಯೆತ್ತರಕ್ಕೆ ಒಂದು ಗೀಟು ಎಳೆದ. ಹುಡುಗಿ ತಟ್ಟೆ ಕೆಳಗಿಟ್ಟು ಒಳಗೆ ಹೋಗಿ, ಇನ್ನೂ ನೆಲ ಹಾಕಿರದ ಮಣ್ಣಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತು, ಕೈ ಚಾಚಿ ನೋಡಿದಳು.

“ಇನ್ನೂ ಕೆಳಗ ಹಾಕ್ರಿ ಕಾಕಾ,” ಎಂದಳು. “ಕುಂತಲ್ಲಿಂದ ಸಿಗಬೇಕು.”